ಪಿಕಪ್‌ನ ಎಂಜಿನ್ ಮನೆಯಂಗಳದಲ್ಲೇ ಇಳಿಸುವುದು: ಹುಣಸೆ ಕೊಂಬೆ ತಡೆದೀತೇ?

ಕಣದ ಮೂಲೆ, ಪಾಂಡವಪುರ ತಾಲ್ಲೂಕು
ಎಲ್ಲರಿಗೂ ನಮಸ್ಕಾರ. ನಮ್ಮದು 2008ರ ಪಿಕಪ್, 2523 ಸಿಸಿ ಡಿಐ ಎಂಜಿನ್, ಐದು ಗೇರು. ವಾರದಲ್ಲಿ ನಾಲ್ಕು ದಿನ ತರಕಾರಿ ತುಂಬಿಕೊಂಡು ಮೈಸೂರಿನ ಬಂಡಿಪಾಳ್ಯಕ್ಕೆ ಹೋಗುತ್ತದೆ. ಆಲೆಮನೆಗಳಲ್ಲಿ ಒಲೆ ಹೊತ್ತಿದರೆ ಬೆಲ್ಲ ಹೊತ್ತು ಮಂಡ್ಯಕ್ಕೆ. ಎರಡು ತಿಂಗಳಿನಿಂದ ಕ್ಲಚ್ ಜಾರುತ್ತಿದೆ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ತನಗೇನೂ ಸಂಬಂಧವಿಲ್ಲ ಎಂಬಂತೆ ತೆವಳುತ್ತದೆ. ನಿಲ್ಲಿಸಿದ ಕಡೆಯಲ್ಲೆಲ್ಲ ಅಂಗೈ ಅಗಲದ ಎಣ್ಣೆಯ ಕಲೆ.

ಶೆಡ್ಡಿನವರು ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಇಳಿಸಲೇಬೇಕು ಎಂದರು. ಕೂಲಿಯೊಂದೇ 14,000 ರೂಪಾಯಿ, ಹತ್ತು ದಿನ ಬೇಕಂತೆ. ನಮಗೆ ಹತ್ತು ದಿನ ಗಾಡಿ ಇಲ್ಲದಿದ್ದರೆ ಕೂಲಿಗಿಂತ ಅದೇ ದೊಡ್ಡ ನಷ್ಟ. ನನ್ನ ಭಾಮೈದ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಎರಡು ವರ್ಷ ಕೆಲಸ ಮಾಡಿದವನು, ಇಬ್ಬರೂ ಸೇರಿ ಮನೆಯಲ್ಲೇ ಇಳಿಸೋಣ ಎನ್ನುತ್ತಾನೆ. ಕಣದ ಅಂಚಿನಲ್ಲಿ ತಾತನ ಕಾಲದ ಹುಣಸೆ ಮರವಿದೆ. ಅದರ ಒಂದು ಕೊಂಬೆ ತೊಡೆಗಿಂತ ದಪ್ಪ. ಅದಕ್ಕೆ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಕಟ್ಟಿ ಎತ್ತಬಹುದೇ? ಯಾವುದನ್ನು ಮೊದಲು ಬಿಚ್ಚಬೇಕು? ಮಾಡಿ ನೋಡಿದವರು ಹೇಳಿ.

ಬಂಡೂರು ಕುರಿ, ಮಳವಳ್ಳಿ
ಕೊಂಬೆಯೇನೋ ತಡೆಯುತ್ತದೆ. ಅದರಲ್ಲಿ ವಾಸವಾಗಿರುವವರ ಒಪ್ಪಿಗೆ ಕೇಳಿದ್ದೀರಾ? ಅಮಾವಾಸ್ಯೆ ಬಿಟ್ಟು ಬೇರೆ ದಿನ ನೋಡಿಕೊಳ್ಳಿ.

ಡಿಪೋ ಮೇಸ್ತ್ರಿ, ಮೈಸೂರು
ಕೊಂಬೆಯ ಮಾತು ಆಮೇಲೆ. ಶೆಡ್ಡಿನವರು ಹೇಳಿದರು ಎಂದು ಎಂಜಿನ್ ಇಳಿಸುತ್ತೀರಾ? ಕ್ಲಚ್ ಜಾರುವುದಕ್ಕೆ ಗೇರ್‌ಬಾಕ್ಸ್ ಒಂದನ್ನೇ ಇಳಿಸಿದರೆ ಸಾಕು, ಎಂಜಿನ್ ಇದ್ದಲ್ಲೇ ಇರಬಹುದು. ಮೊದಲು ಎರಡು ಪರೀಕ್ಷೆ ಮಾಡಿ ಬಂದು ಹೇಳಿ.

ಒಂದು, ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿರುವ ಕವಚ, ಅದರ ತಳದಿಂದ ತೊಟ್ಟಿಕ್ಕುವ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಕಾಡಿಗೆಯ ಕಪ್ಪಾಗಿದ್ದರೆ ಎಂಜಿನ್ನಿನದು, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ. ಜೇನಿನಂತೆ ಮಂದವಾಗಿ, ಗಂಧಕದ ವಾಸನೆ ಮೂಗಿಗೆ ಬಡಿದರೆ ಗೇರ್ ಆಯಿಲ್, ಗೇರ್‌ಬಾಕ್ಸಿನ ಮುಂದಿನ ಸೀಲ್. ಎರಡು, ಎಂಜಿನ್ ಬಿಸಿಯಾದ ಮೇಲೆ ಓಡುತ್ತಿರುವಾಗಲೇ ಎಣ್ಣೆ ತುಂಬುವ ಮುಚ್ಚಳವನ್ನು ಮೆಲ್ಲಗೆ ತೆಗೆದು ನೋಡಿ. ತೆಳುವಾಗಿ ಹಬೆ ಬಂದರೆ ಚಿಂತೆ ಬೇಡ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಭುಸುಗುಟ್ಟಿದರೆ ಪಿಸ್ಟನ್ ರಿಂಗು ಸವೆದಿದೆ, ಆಗ ಎಂಜಿನ್ನನ್ನೂ ಇಳಿಸಬೇಕು.

ಕಣದ ಮೂಲೆ
ಮೇಸ್ತ್ರಿಗಳೇ, ಎರಡೂ ನೋಡಿದೆ. ಎಣ್ಣೆ ಕಡುಕಪ್ಪು, ಗಂಧಕದ ವಾಸನೆ ಇಲ್ಲ. ಮುಚ್ಚಳ ತೆಗೆದಾಗ ಬಂದ ಹೊಗೆಗೆ ಭಾಮೈದ ಕೆಮ್ಮಿದ, ಎಣ್ಣೆ ಅಳೆಯುವ ಡಿಪ್‌ಸ್ಟಿಕ್ ತಾನಾಗಿಯೇ ಮೇಲೆದ್ದಿತ್ತು. ಇನ್ನೊಂದು ಮಾತನ್ನು ಮೊದಲೇ ಹೇಳಬೇಕಿತ್ತು: ಮೈಸೂರಿಗೆ ನಾಲ್ಕು ಬಾರಿ ಹೋಗಿಬಂದರೆ ಒಂದು ಲೀಟರ್ ಎಣ್ಣೆ ಸುರಿಯಬೇಕಾಗಿದೆ.

ಡಿಪೋ ಮೇಸ್ತ್ರಿ
ಹಾಗಿದ್ದರೆ ಶೆಡ್ಡಿನವರು ಸುಳ್ಳು ಹೇಳಿಲ್ಲ. ಇದು 88.9 ಮಿಲಿಮೀಟರ್ ಅಗಲದ ಸಿಲಿಂಡರಿನ, 101.6 ಮಿಲಿಮೀಟರ್ ಪಿಸ್ಟನ್ ಓಟದ ಎಂಜಿನ್. ಲೆಕ್ಕ ಹಾಕಿದರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ಇಂಚಿನ ಕಾಲದ ಗಟ್ಟಿ ಜೀವ. ಒಮ್ಮೆ ಚೆನ್ನಾಗಿ ಬೋರ್ ಮಾಡಿಸಿದರೆ (ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸಿದರೆ) ಇನ್ನೂ ಬಹಳ ವರ್ಷ ದುಡಿಯುತ್ತದೆ. ಇಳಿಸಿ.

ಈಗ ಕೊಂಬೆಯ ಮಾತು. ಬೇಡ. ಗೇರ್‌ಬಾಕ್ಸ್ ಸೇರಿಸಿ ಮೂರು ಕ್ವಿಂಟಾಲಿನ ಆಸುಪಾಸು ಎಂದೇ ಲೆಕ್ಕವಿಡಿ, ಅಂದರೆ ಒಂದು ಹಳ್ಳಿಕಾರ್ ಎತ್ತು ಸರಪಳಿಯಲ್ಲಿ ನೇತಾಡುತ್ತಿದೆ ಎಂದುಕೊಳ್ಳಿ. ಮರದ ಒಳಗಿನ ಟೊಳ್ಳು ಹೊರಗಿನಿಂದ ಕಾಣುವುದಿಲ್ಲ. ತಾತನ ಕಾಲದ್ದು ಎಂದು ನೀವು ಹೇಳಿದ್ದೇ ನನಗೆ ಹೆಚ್ಚು ಹೆದರಿಕೆ.

ಎರಡನೇ ಗೇರ್, ಶ್ರೀರಂಗಪಟ್ಟಣ
ಇಷ್ಟೆಲ್ಲ ಏಕೆ? ಊರಿನಲ್ಲಿ ಜೆಸಿಬಿ ಇರುತ್ತದೆ. ಬಕೆಟ್ಟಿಗೆ ಸರಪಳಿ ಹಾಕಿ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೇ ಹತ್ತು ನಿಮಿಷದಲ್ಲಿ ಎತ್ತಿ ಇಡಬಹುದು. ನಮ್ಮ ಊರಿನಲ್ಲಿ ಹಾಗೆಯೇ ಮಾಡಿದ್ದೇವೆ.

ಬೆಲ್ಲದ ಲೋಡು, ಮದ್ದೂರು
ತಮ್ಮಾ, ಜೆಸಿಬಿ ಒಂದು ಅಂಗುಲ ಎತ್ತು ಎಂದರೆ ಒಂದು ಅಡಿ ಎತ್ತುತ್ತದೆ. ಕೈಯಿಂದ ಎಳೆಯುವ ಚೈನ್ ಬ್ಲಾಕಿಗೆ ಇರುವ ತಾಳ್ಮೆ ಅದಕ್ಕಿಲ್ಲ. ಎಲ್ಲೋ ಒಂದು ವೈರು ಬಿಚ್ಚುವುದು ಮರೆತಿದ್ದರೆ ಕೈಗೆ ಬಿಗಿ ತಿಳಿಯುತ್ತದೆ, ಜೆಸಿಬಿಗೆ ತಿಳಿಯುವುದಿಲ್ಲ, ಕಿತ್ತುಕೊಂಡೇ ಬರುತ್ತದೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಯಾರೂ ನಗಬೇಡಿ. ಆರು ವರ್ಷದ ಹಿಂದೆ ಕೊಟ್ಟಿಗೆಯ ತೊಲೆಗೆ ಚೈನ್ ಬ್ಲಾಕ್ ಹಾಕಿದೆ. ಹಂಚಿನ ಮಾಡು, ಹೊನ್ನೆ ಮರದ ತೊಲೆ, ನೋಡಿದರೆ ಆನೆಯನ್ನೇ ತೂಗಿಹಾಕಬಹುದು ಎನ್ನಿಸುತ್ತಿತ್ತು. ತೊಲೆ ಮುರಿಯಲಿಲ್ಲ. ಆದರೆ ಅದರ ತುದಿ ಕೂತಿದ್ದ ಮಣ್ಣಿನ ಗೋಡೆ ಬಿರಿಯಿತು. ತೊಲೆ ಒಂದು ಗೇಣು ಜಾರಿತು, ಹಂಚುಗಳು ಒಂದರ ಹಿಂದೆ ಒಂದು ಬಾನೆಟ್ಟಿನ ಮೇಲೆ, ನಮ್ಮ ಮೇಲೆ. ಎಮ್ಮೆಯನ್ನು ಹೊರಗೆ ಕಟ್ಟಿದ್ದೆವು, ನಮ್ಮ ಅದೃಷ್ಟ. ಎಂಜಿನ್ ತನ್ನ ಜಾಗದಲ್ಲೇ ಭದ್ರವಾಗಿ ಕೂತಿತ್ತು, ಒಂದು ಬೆರಳಿನಷ್ಟೂ ಮೇಲೆ ಬಂದಿರಲಿಲ್ಲ. ಎಂಜಿನ್ನಿಗಿಂತ ಮಾಡು ಸರಿಮಾಡಿಸಿದ್ದಕ್ಕೇ ಹೆಚ್ಚು ಖರ್ಚಾಯಿತು. ಮನೆಯವಳು ಇಂದಿಗೂ ಮಳೆ ಬಂದಾಗಲೆಲ್ಲ ಸೋರುವ ಜಾಗವನ್ನು ತೋರಿಸುತ್ತಾಳೆ.

ಹಾಲಿನ ಗಾಡಿ ಅಕ್ಕ, ಕೆ.ಆರ್. ಪೇಟೆ
ಮರವೂ ಬೇಡ, ತೊಲೆಯೂ ಬೇಡ. ಕೊಳವೆಬಾವಿಯ ಮೋಟಾರ್ ಎತ್ತುವವರ ಬಳಿ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಇರುತ್ತದೆ, ಚೈನ್ ಬ್ಲಾಕ್ ಸಮೇತ. ನೂರಾರು ಅಡಿ ಪೈಪು, ಮೋಟಾರು, ಕೇಬಲ್ಲು ಎಲ್ಲವನ್ನೂ ಎಳೆಯುವ ಸಾಮಾನು ಅದು. ದಿನದ ಬಾಡಿಗೆಗೆ ಕೊಡುತ್ತಾರೆ. ನಮ್ಮ ಹಾಲಿನ ಗಾಡಿಯ ಎಂಜಿನ್ನನ್ನು ನಾನು, ನಮ್ಮ ಯಜಮಾನರು ಮತ್ತು ಮೈದುನ ಹಾಗೆಯೇ ಇಳಿಸಿದೆವು. ಎತ್ತರ ಮಾತ್ರ ಮೊದಲೇ ಅಳೆದುಕೊಳ್ಳಿ. ಚೈನ್ ಬ್ಲಾಕ್, ಕೊಕ್ಕೆ, ಸರಪಳಿ ಎಲ್ಲ ಸೇರಿ ತುಂಬ ಎತ್ತರ ನುಂಗಿಬಿಡುತ್ತವೆ. ನಮಗೆ ಮೊದಲ ಸಲ ಎಂಜಿನ್ನಿನ ಚೇಂಬರ್ (ತಳದ ಎಣ್ಣೆ ತೊಟ್ಟಿ) ಮುಂದಿನ ಕ್ರಾಸ್‌ಮೆಂಬರ್ ಎಂಬ ಅಡ್ಡಪಟ್ಟಿಯನ್ನು ದಾಟುವ ಮೊದಲೇ ಸರಪಳಿ ಮುಗಿದುಹೋಗಿತ್ತು.

ರೇಡಿಯೇಟರಿನ ನೀರು ಬಿಡುವಾಗ ಹಸಿರು ಕೂಲಂಟ್ ಹಾಕಿದ್ದರೆ ಅಗಲದ ಬೋಗುಣಿಯಲ್ಲೇ ಹಿಡಿಯಿರಿ. ಅದು ರುಚಿಗೆ ಸಿಹಿ. ನಾಯಿ ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತದೆ. ಅಂಗಳದಲ್ಲಿ ಮಕ್ಕಳೂ ಇರುತ್ತಾರೆ, ಕರುವೂ ಇರುತ್ತದೆ.

ಕಣದ ಮೂಲೆ
ಅಕ್ಕಾ, ತುಂಬ ಉಪಕಾರವಾಯಿತು. ಮೋಟಾರ್ ಎತ್ತುವವರು ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ, ನನಗೆ ಹೊಳೆದಿರಲೇ ಇಲ್ಲ. ಒಟ್ಟಿಗೆ ತೆಗೆಯುವುದೋ, ಬೇರೆ ಬೇರೆಯಾಗಿಯೋ?

ಡಿಪೋ ಮೇಸ್ತ್ರಿ
ನುಣುಪು ನೆಲ, ಎತ್ತರದ ಕ್ರೇನ್ ಇದ್ದರೆ ಒಟ್ಟಿಗೆ ತೆಗೆಯುವುದು ಬೇಗ. ಮತ್ತೆ ಕೂರಿಸುವಾಗಲೂ ಸುಲಭ, ಏಕೆಂದರೆ ಗೇರ್‌ಬಾಕ್ಸನ್ನು ಕೆಳಗೆ ಮಲಗಿಕೊಂಡು ಜೋಡಿಸಬೇಕಿಲ್ಲ. ಆದರೆ ಒಟ್ಟಿಗೆ ಬರುವಾಗ ಬಾಲ ಕೆಳಗೆ, ಮೂತಿ ಮೇಲೆ ಮಾಡಿ ಓರೆಯಾಗಿ ಎತ್ತಬೇಕು. ಮಣ್ಣಿನ ಕಣದಲ್ಲಿ ಮೂರು ಕಾಲಿನ ಸ್ಟ್ಯಾಂಡಿನಿಂದ ಆ ಸರ್ಕಸ್ ಬೇಡ. ಮೊದಲು ಗೇರ್‌ಬಾಕ್ಸ್ ಕೆಳಕ್ಕೆ, ಆಮೇಲೆ ಎಂಜಿನ್ ಮೇಲಕ್ಕೆ.

ಬ್ಯಾಟರಿಯ ಅರ್ತ್ ತಂತಿಯಿಂದ ಶುರು ಮಾಡಿ. ಬಾನೆಟ್ ತೆಗೆಯುವ ಮೊದಲು ಅದರ ಕೀಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಇಲ್ಲದಿದ್ದರೆ ಮತ್ತೆ ಹಾಕುವಾಗ ಅರ್ಧ ದಿನ ಹೊಂದಿಸುತ್ತ ಕೂರುತ್ತೀರಿ. ಗ್ರಿಲ್, ರೇಡಿಯೇಟರ್, ಫ್ಯಾನ್ ತೆಗೆಯುವುದು ಯಾರಿಗೂ ಹೇಳಿಕೊಡಬೇಕಾದ ಕೆಲಸವಲ್ಲ. ಡೀಸೆಲ್ ಪೈಪು ಬಿಚ್ಚಿದ ಕೂಡಲೇ ಪಂಪಿನ ಬಾಯಿಗೆ ಶುಭ್ರವಾದ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಕಟ್ಟಿ. ಕಣದ ಧೂಳಿನ ಒಂದು ಕಣ ಒಳಗೆ ಹೋದರೂ ಪಂಪು ಕೆಡುತ್ತದೆ, ಅದರ ಖರ್ಚಿನ ಮುಂದೆ ನಿಮ್ಮ 14,000 ಏನೂ ಅಲ್ಲ.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಜೋಡಣೆಯ ಎರಡು ಫ್ಲ್ಯಾಂಜುಗಳ ಮೇಲೂ ಉಳಿಯಿಂದ ಗುರುತು ಹಾಕಿ. ಅದೇ ಗುರುತಿಗೆ ಮತ್ತೆ ಕೂರಿಸಿದರೆ ಗಾಡಿ ಅದುರುವುದಿಲ್ಲ. ಇನ್ನು ಮುಖ್ಯವಾದ ಮಾತು: ಗಾಡಿಯನ್ನು ಗೇರಿನಲ್ಲಿ ಬಿಟ್ಟಿದ್ದೇನೆ, ಉರುಳುವುದಿಲ್ಲ ಎಂಬ ಧೈರ್ಯ ಶಾಫ್ಟ್ ಬಿಚ್ಚಿದ ಕ್ಷಣಕ್ಕೆ ಮುಗಿಯುತ್ತದೆ. ಅದಕ್ಕೂ ಮೊದಲೇ ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟಿರಬೇಕು. ಡಿಪೋದಲ್ಲಿ ನನ್ನ ಕಣ್ಣೆದುರಿಗೇ ಒಬ್ಬ ಹುಡುಗನ ಕಾಲು ಇದರಿಂದಲೇ ಹೋಗಬೇಕಿತ್ತು, ಕೂದಲೆಳೆಯಲ್ಲಿ ಉಳಿಯಿತು.

ಗೇರ್‌ಬಾಕ್ಸ್ ಹಿಂದಕ್ಕೆ ಸರಿಯುವಾಗ ಅದರ ಭಾರವೆಲ್ಲ ಜಾಕಿಯ ಮೇಲಿರಲಿ. ಗೇರ್‌ಬಾಕ್ಸಿನ ಮೂತಿಯ ಇನ್‌ಪುಟ್ ಶಾಫ್ಟ್ ಇನ್ನೂ ಕ್ಲಚ್ ಪ್ಲೇಟಿನೊಳಗೆ ಇರುವಾಗ ಕೈಬಿಟ್ಟು ನೇತಾಡಲು ಬಿಟ್ಟರೆ ಪ್ಲೇಟಿನ ನಡು ಬಾಗುತ್ತದೆ. ಹಳೆಯ ಪ್ಲೇಟಾದರೆ ಹಾಳಾಗಿ ಹೋಗಲಿ, ಹೊಸದನ್ನು ಹಾಕುವಾಗ ಈ ತಪ್ಪು ಮಾಡಿದರೆ ಕ್ಲಚ್ ಬಿಡುವುದೇ ಇಲ್ಲ, ಮತ್ತೆ ಎಲ್ಲ ಬಿಚ್ಚಬೇಕು. ಗೇರ್‌ಬಾಕ್ಸ್ ಬಂದ ಮೇಲೆ ಎಂಜಿನ್ನಿನ ಹಿಂಭಾಗಕ್ಕೆ ಆಸರೆ ಇರುವುದಿಲ್ಲ, ಚೇಂಬರಿನ ಕೆಳಗೆ ಹಲಗೆ ಇಟ್ಟು ಜಾಕಿ ಕೊಡಿ. ಜಾಕಿಯನ್ನು ನೇರವಾಗಿ ತಗಡಿಗೆ ಒತ್ತಬೇಡಿ.

ಬೆಲ್ಲದ ಲೋಡು
ಗಾಡಿಯನ್ನು ಎತ್ತಿ ನಿಲ್ಲಿಸುವುದಕ್ಕೆ ಸಿಮೆಂಟಿನ ಟೊಳ್ಳು ಇಟ್ಟಿಗೆ ಇಡುವವರನ್ನು ನೋಡಿದ್ದೇನೆ. ಅದು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ದಪ್ಪ ಮರದ ದಿಮ್ಮಿ ಇಡಿ.

ಎರಡನೇ ಗೇರ್
ಸರಿ, ಜೆಸಿಬಿ ಬಿಟ್ಟೆ. ಆದರೆ ಮೂರು ಕಾಲಿನ ಸ್ಟ್ಯಾಂಡಿನಿಂದ ಎತ್ತಿದ ಎಂಜಿನ್ನನ್ನು ಮುಂದಕ್ಕೆ ಹೇಗೆ ತರುವಿರಿ? ಅದು ನೇರ ಮೇಲಕ್ಕೆ ಹೋಗುತ್ತದೆ ಅಷ್ಟೇ.

ಹಾಲಿನ ಗಾಡಿ ಅಕ್ಕ
ಎಂಜಿನ್ನನ್ನು ಏಕೆ ತರಬೇಕು? ಗಾಡಿಯನ್ನು ಹಿಂದಕ್ಕೆ ತಳ್ಳಬೇಕು. ಸ್ಟ್ಯಾಂಡಿನ ಎರಡು ಕಾಲು ಗಾಡಿಯ ಎಡಬಲಕ್ಕೆ, ಒಂದು ಕಾಲು ಮುಂದಕ್ಕೆ. ಎಂಜಿನ್ ಮೇಲೆದ್ದ ಮೇಲೆ ನಾಲ್ಕು ಜನ ಮುಂದಿನಿಂದ ತಳ್ಳಿದರೆ ಗಾಡಿ ಆ ಎರಡು ಕಾಲುಗಳ ನಡುವಿನಿಂದ ಹಿಂದೆ ಸರಿಯುತ್ತದೆ. ಒಬ್ಬರು ಸ್ಟೀರಿಂಗ್ ಹಿಡಿದು ಬ್ರೇಕಿನ ಮೇಲೆ ಕಾಲಿಟ್ಟಿರಬೇಕು. ತಳ್ಳುವವರು ಎಂಜಿನ್ನಿನ ಕೆಳಗೆ ತಲೆ ಹಾಕಬಾರದು.

ಡಿಪೋ ಮೇಸ್ತ್ರಿ
ಅಕ್ಕ ಹೇಳಿದ್ದೇ ಸರಿ. ಎರಡು ಮಾತು ಸೇರಿಸುತ್ತೇನೆ. ಸ್ಟ್ಯಾಂಡಿನ ಮೂರು ಕಾಲುಗಳನ್ನೂ ಬುಡದಲ್ಲಿ ಸರಪಳಿಯಿಂದ ಒಂದಕ್ಕೊಂದು ಬಿಗಿಯಿರಿ, ಗಾಡಿ ಸರಿಯುವ ಕಡೆ ನೆಲಕ್ಕೆ ತಾಗಿದಂತೆ ಇರಲಿ, ಚಕ್ರ ಅದರ ಮೇಲೆ ಹತ್ತಿ ದಾಟಲಿ. ಸರಪಳಿ ಇಲ್ಲದಿದ್ದರೆ ಭಾರ ಬಿದ್ದಾಗ ಕಾಲುಗಳು ಹೊರಕ್ಕೆ ಜಾರುತ್ತವೆ.

ಎಂಜಿನ್ನಿಗೆ ಹಾಕುವ ಸರಪಳಿಯ ಎರಡು ಎಳೆಗಳು ಎಷ್ಟು ಅಗಲವಾಗಿ ಚಾಚಿವೆ ಎಂಬುದನ್ನು ನೋಡಿ. ಎಳೆಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಎಳೆಯ ಮೇಲೆ ಒಟ್ಟು ಭಾರದ ಶೇಕಡಾ 58ರಷ್ಟು ಬೀಳುತ್ತದೆ. ಅದೇ ಗಿಡ್ಡ ಸರಪಳಿ ಹಾಕಿ ಕೋನ 120 ಡಿಗ್ರಿ ಆಯಿತೋ, ಒಂದೊಂದು ಎಳೆಯೂ ಪೂರ್ತಿ ಭಾರವನ್ನು ಹೊರುತ್ತದೆ. ಅದರ ಜೊತೆಗೆ ಕೊಕ್ಕೆಗಳನ್ನು ಒಳಮುಖವಾಗಿ ಎಳೆದು ಬಾಗಿಸುತ್ತದೆ. ಎತ್ತರ ಉಳಿಸಲು ಹೋಗಿ ಸರಪಳಿ ಗಿಡ್ಡ ಮಾಡುವುದು ಎಲ್ಲರೂ ಮಾಡುವ ತಪ್ಪು. ತೆಂಗಿನ ನಾರಿನ ಹಗ್ಗ, ಟ್ರ್ಯಾಕ್ಟರ್ ಎಳೆಯುವ ತುಂಡು ಸರಪಳಿಗೆ ಬೋಲ್ಟ್ ಹಾಕಿ ಜೋಡಿಸಿದ್ದು, ಇವು ಬೇಡ.

ಆರ್‌ಸಿ ಪುಸ್ತಕ, ಮಂಡ್ಯ
ಒಂದು ಕಾಗದದ ಮಾತು. ಇದೇ ಎಂಜಿನ್ ಮತ್ತೆ ಕೂತರೆ ಏನೂ ಇಲ್ಲ. ಬೋರ್ ಖರ್ಚು ನೋಡಿ, ಗುಜರಿಯಲ್ಲಿ ಬೇರೆ ಎಂಜಿನ್ ಸಿಗುತ್ತದೆ ಎಂದು ಅದನ್ನು ತಂದು ಹಾಕಿದರೆ ಎಂಜಿನ್ ಸಂಖ್ಯೆ ಬದಲಾಗುತ್ತದೆ. ಕೆಎ-11 ಗಾಡಿಯಾದರೆ ಮಂಡ್ಯದ ಆರ್‌ಟಿಒ ಕಚೇರಿಯಲ್ಲಿ ಅದು ಆರ್‌ಸಿಗೆ ಏರಬೇಕು, ವಿಮೆಯಲ್ಲೂ ತಿದ್ದಬೇಕು. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದಾಗ ಸಂಖ್ಯೆ ತಾಳೆಯಾಗದೆ ಪರದಾಡಿದವರನ್ನು ನೋಡಿದ್ದೇನೆ. ತರುವ ಎಂಜಿನ್ನಿನ ಮೂಲದ ಕಾಗದ ಇಲ್ಲದಿದ್ದರೆ ಮುಟ್ಟಲೇಬೇಡಿ.

ಕಣದ ಮೂಲೆ
ಶನಿವಾರ ಶುರು ಮಾಡಿದೆವು. ಬೋಲ್ಟುಗಳಿಗೆ ಭಾಮೈದನ ಉಪಾಯ ಚೆನ್ನಾಗಿತ್ತು: ರಟ್ಟಿನ ಮೇಲೆ ಬೆಲ್ ಹೌಸಿಂಗಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ಇಟ್ಟ. ಮಧ್ಯಾಹ್ನದ ಊಟಕ್ಕೆ ಮುಂಚೆ ರೇಡಿಯೇಟರ್ ಹೊರಗೆ. ಕೊಳವೆಬಾವಿಯ ಗಡಸು ನೀರು ಕುಡಿದು ಕುಡಿದು ಅದರ ಬಾಯಿಯಲ್ಲಿ ಬಿಳಿ ಸುಣ್ಣ ಕಟ್ಟಿದೆ.

ಸಂಜೆಯಿಂದ ಮಾತ್ರ ಒದ್ದಾಟ. ಗೇರ್‌ಬಾಕ್ಸಿನ ಬೋಲ್ಟುಗಳೆಲ್ಲ ಬಿಚ್ಚಿವೆ, ಸೆಲ್ಫ್ ಮೋಟಾರ್ ಕೂಡ ತೆಗೆದಿದ್ದೇವೆ. ಕೆಳಭಾಗ ಒಂದು ಬೆರಳು ಬಾಯಿ ತೆರೆದಿದೆ, ಮೇಲ್ಭಾಗ ಕಚ್ಚಿಕೊಂಡಿದೆ. ಹಾರೆ ಹಾಕಿ ಮೀಟಲೇ? ಭಾಮೈದ ಕೈಯಲ್ಲಿ ಹಾರೆ ಹಿಡಿದುಕೊಂಡೇ ನಿಂತಿದ್ದಾನೆ.

ಡಿಪೋ ಮೇಸ್ತ್ರಿ
ಹಾರೆಯನ್ನು ಅವನ ಕೈಯಿಂದ ಕಿತ್ತು ತೆಂಗಿನ ಗುಂಡಿಗೆ ಕಳುಹಿಸಿ. ಅದು ಅಲ್ಯೂಮಿನಿಯಂ, ಕಿವಿ ಮುರಿದರೆ ಬೆಸುಗೆಯೂ ಸರಿಯಾಗಿ ಹಿಡಿಯುವುದಿಲ್ಲ. ಕೆಳಗೆ ಬಾಯಿ ತೆರೆದು ಮೇಲೆ ಕಚ್ಚಿದೆ ಎಂದರೆ ಮೇಲೆ ಒಂದು ಬೋಲ್ಟ್ ಉಳಿದಿದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ಹುಡುಕಿ. ವೈರು ಹಿಡಿಯುವ ತಗಡಿನ ಹಿಂದೆ ಗ್ರೀಸು, ಮಣ್ಣು ಮುಚ್ಚಿಕೊಂಡು ಕೂತಿರುತ್ತದೆ.

ಕಣದ ಮೂಲೆ
ಸಿಕ್ಕಿತು! ಹದಿನೈದು ವರ್ಷದ ಮಣ್ಣಿನ ಕೆಳಗೆ ತಗಡು, ತಗಡಿನ ಕೆಳಗೆ ಬೋಲ್ಟ್. ಬಿಚ್ಚಿದ ಮೇಲೆ ಗೇರ್‌ಬಾಕ್ಸ್ ಬೆಣ್ಣೆಯಂತೆ ಸರಿಯಿತು. ಟಾರ್ಚ್ ಹಿಡಿದಿದ್ದ ನಮ್ಮಪ್ಪ, ‘ರಟ್ಟಿನ ಚಿತ್ರದಲ್ಲಿ ಒಂದು ತೂತು ಖಾಲಿ ಇದೆಯಲ್ಲ ಎಂದು ನಾನು ಆಗಲೇ ಅಂದುಕೊಂಡೆ’ ಎಂದರು. ಅಂದುಕೊಂಡವರು ಹೇಳಬಾರದಿತ್ತೇ?

ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ನೆಂದ ಬಜ್ಜಿಯಂತಾಗಿದೆ. ಹಿಂದಿನ ಸೀಲಿನ ತುಟಿ ಉಗುರು ಒತ್ತಿದರೂ ಬಗ್ಗುವುದಿಲ್ಲ. ಫ್ಲೈವ್ಹೀಲಿನ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆ, ಕೂದಲಿನಷ್ಟು ಸಣ್ಣ ಗೀರುಗಳು.

ಡಿಪೋ ಮೇಸ್ತ್ರಿ
ನೀಲಿ ಎಂದರೆ ಜಾರಿ ಜಾರಿ ಕಾದಿದೆ. ಲೇತಿನಲ್ಲಿ ಅದರ ಮುಖ ನುಣುಪು ಮಾಡಿಸಿ, ಗೀರು ಆಮೇಲೂ ಉಳಿದರೆ ಬದಲಾಯಿಸಿ. ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬೇರಿಂಗ್ ಚೆನ್ನಾಗಿದೆ ಎಂದು ಅನ್ನಿಸಿದರೂ ಹೊಸದು ಹಾಕಿ. ಅಷ್ಟು ಸಣ್ಣ ಸಾಮಾನಿಗಾಗಿ ಮತ್ತೆ ಇಷ್ಟೆಲ್ಲ ಬಿಚ್ಚಬಾರದು.

ಬಂಡೂರು ಕುರಿ
ಮತ್ತೆ ಜೋಡಿಸುವಾಗ ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸಲು ಡಮ್ಮಿ ಶಾಫ್ಟ್ ಬೇಕಲ್ಲ? ನಮ್ಮ ಮಾವ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರಿಂದ ಆಲೆಮರದ್ದೇ ಒಂದು ಮಾಡಿಸಿದ್ದಾರೆ, ಅಳತೆ ಕೂದಲಿನಷ್ಟೂ ತಪ್ಪಿಲ್ಲ. ಕೆಂಪು, ಹಳದಿ ಅರಗಿನ ಬಣ್ಣ ಬೇರೆ. ನೋಡಿದವರೆಲ್ಲ ಮಗುವಿನ ಆಟದ ಸಾಮಾನು ಎಂದೇ ಕೈಗೆತ್ತಿಕೊಳ್ಳುತ್ತಾರೆ. ಬೇಕಾದರೆ ಕಳುಹಿಸುತ್ತೇನೆ, ತಮಾಷೆಯಲ್ಲ.

ಡಿಪೋ ಮೇಸ್ತ್ರಿ
ಕುರಿ ಮೊದಲ ಬಾರಿಗೆ ಕೆಲಸದ ಮಾತು ಹೇಳಿದೆ. ತರಿಸಿಕೊಳ್ಳಿ. ಪ್ಲೇಟು ನಡುವಿಗೆ ಕೂರದೆ ಗೇರ್‌ಬಾಕ್ಸ್ ಒಳಗೆ ಹೋಗದಿದ್ದರೆ ಬೋಲ್ಟ್ ಬಿಗಿದು ಎಳೆದುಕೊಳ್ಳುವ ಚಪಲ ಬರುತ್ತದೆ. ಆ ಕೆಲಸ ಮಾತ್ರ ಮಾಡಬೇಡಿ.

ಕಣದ ಮೂಲೆ
ಭಾನುವಾರ ಎಂಜಿನ್. ಬೆಳಗ್ಗೆಯೇ ಸ್ಟ್ಯಾಂಡ್ ನಿಲ್ಲಿಸಿ, ಕಾಲುಗಳಿಗೆ ಸರಪಳಿ ಬಿಗಿದೆವು. ಮೌಂಟಿಂಗ್ ಬೋಲ್ಟು ತೆಗೆದು ನಾಲ್ಕು ಬೆರಳು ಎತ್ತಿ ನಿಲ್ಲಿಸಿದೆ. ಸುತ್ತ ನೋಡುತ್ತಿರುವಾಗಲೇ ಎಡಗಾಲು ಮೆಲ್ಲಗೆ ಇಳಿಯತೊಡಗಿತು. ಮೊನ್ನೆಯ ಮಳೆಗೆ ಕಣದ ಆ ಭಾಗ ಮೆತ್ತಗಾಗಿದ್ದುದು ಗಮನಕ್ಕೇ ಬಂದಿರಲಿಲ್ಲ. ಒಂದು ಗೇಣು ಇಳಿದು ನಿಂತಿತು. ಸರಪಳಿ ಇಲ್ಲದಿದ್ದರೆ ಏನಾಗುತ್ತಿತ್ತೋ, ಯೋಚಿಸಲು ಮನಸ್ಸಿಲ್ಲ. ಯಾರೂ ಮಾತಾಡಲಿಲ್ಲ. ಎಂಜಿನ್ನನ್ನು ಮತ್ತೆ ಅದರ ಜಾಗಕ್ಕೇ ಇಳಿಸಿ, ಮೂರೂ ಕಾಲಿನ ಕೆಳಗೆ ಎತ್ತಿನಗಾಡಿಯ ಹಳೆಯ ಹಲಗೆಗಳನ್ನು ಹಾಸಿ, ಕಾಫಿ ಕುಡಿದು ಮತ್ತೆ ಶುರು ಮಾಡಿದೆವು.

ಎರಡನೇ ಸಲ ಅರ್ಧ ಎತ್ತುವ ಹೊತ್ತಿಗೆ ಒಂದು ಕಡೆ ಬಿಗಿ. ನೋಡಿದರೆ ಚಾಸಿಗೆ ಹೋಗುವ ಅರ್ತ್ ತಂತಿ. ಮದ್ದೂರಿನ ಅಣ್ಣ ಹೇಳಿದ್ದು ನೆನಪಾಯಿತು, ಜೆಸಿಬಿಯಾಗಿದ್ದರೆ ಕಿತ್ತೇ ಹೋಗುತ್ತಿತ್ತು. ಆಮೇಲೆ ಬೀದಿಯ ಐದು ಜನ ತಳ್ಳಿ ಗಾಡಿ ಹಿಂದೆ ಸರಿಸಿದರು. ಎಂಜಿನ್ ಈಗ ಟ್ರ್ಯಾಕ್ಟರಿನ ಹಳೆಯ ಟೈರಿನ ಮೇಲೆ ಕೋಳಿ ಕಾವಿಗೆ ಕೂತಂತೆ ಕೂತಿದೆ. ನಾಳೆ ಮಂಡ್ಯದ ಲೇತಿಗೆ. ಹಳೆಯ ಎಣ್ಣೆಯನ್ನು ಬೇಲಿಯ ಕಂಬಗಳ ಬುಡಕ್ಕೆ ಗೆದ್ದಲು ಹತ್ತದಂತೆ ಬಳಿಯೋಣ ಎಂದು ಅಪ್ಪ ಎತ್ತಿಟ್ಟಿದ್ದಾರೆ.

ಹಾಲಿನ ಗಾಡಿ ಅಕ್ಕ
ಬಳಿಯುವುದಾದರೆ ಹಿತಮಿತವಾಗಿ ಬಳಿಯಿರಿ. ನಾಲೆಗೆ ಹರಿಯುವ ಕಡೆ ಸುರಿಯಬೇಡಿ, ಕೆಳಗಿನವರ ಗದ್ದೆಯ ನೀರಿನ ಮೇಲೆ ಬಣ್ಣ ತೇಲುತ್ತದೆ. ಮಿಕ್ಕಿದ್ದನ್ನು ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ.

ಎರಡನೇ ಗೇರ್
ಐದು ಜನರಿಗೆ ಊಟ, ಸ್ಟ್ಯಾಂಡಿನ ಬಾಡಿಗೆ, ಎರಡು ದಿನದ ಮೈಕೈ ನೋವು ಎಲ್ಲ ಸೇರಿಸಿದರೆ ಎಷ್ಟು ಉಳಿಯಿತು ಅಣ್ಣಾ?

ಕಣದ ಮೂಲೆ
ಖರ್ಚು ಕೋಳಿ ಸಾರು ಸೇರಿಸಿ ನಾಲ್ಕು ಸಾವಿರದ ಒಳಗೆ. ಮೈಕೈ ನೋವಿನ ಲೆಕ್ಕವನ್ನು ಭಾಮೈದನ ಹೆಸರಿಗೆ ಬರೆದಿದ್ದೇನೆ.

ಬೆಲ್ಲದ ಲೋಡು
ತಮ್ಮಾ, ನಮ್ಮ ಗಾಡಿಯದೂ ಈಗ ಅದೇ ಗತಿ, ಎರಡು ದಿನದಿಂದ ಬೆಲ್ ಹೌಸಿಂಗಿನಿಂದ ತೊಟ್ಟಿಕ್ಕುತ್ತಿದೆ. ಕಾಗದದ ಮೇಲೆ ಹಿಡಿದೆ, ಗಂಧಕ ನಾರುತ್ತದೆ. ಆ ಸ್ಟ್ಯಾಂಡಿನವರ ಹತ್ತಿರ ಒಂದು ಮಾತು ಹೇಳಿಡುತ್ತೀಯಾ? ಕೊಟ್ಟಿಗೆಯ ಹತ್ತಿರ ಹೋದರೆ ಮನೆಯವಳು ಬಾಗಿಲಲ್ಲೇ ನಿಲ್ಲುತ್ತಾಳೆ.

ಡಿಪೋ ಮೇಸ್ತ್ರಿ
ಗಂಧಕ ಎಂದರೆ ಗೇರ್‌ಬಾಕ್ಸಿನ ಮುಂದಿನ ಸೀಲ್ ಸ್ವಾಮಿ, ನಿಮಗೆ ಸ್ಟ್ಯಾಂಡೇ ಬೇಡ. ಎರಡು ಜಾಕಿ, ನಾಲ್ಕು ದಿಮ್ಮಿ ಸಾಕು. ಎಮ್ಮೆ ಒಳಗೇ ಇರಲಿ.